ಗಣಿ ಎಂಜಿನಿಯರ್ ಆಗುವ ದಾರಿ: ಕೋರ್ಸ್ ಆಯ್ಕೆಯಿಂದ ಕೆಲಸದವರೆಗೆ

ಮೈನಿಂಗ್ ಎಂಜಿನಿಯರಿಂಗ್ ಓದುತ್ತೇನೆ ಅಂದರೆ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ, 'ಅಂದರೆ ನೆಲ ಅಗೆಯೋದಾ?' ಅಗೆಯುವುದು ಆ ಕೆಲಸದ ಒಂದು ತುಣುಕು ಮಾತ್ರ. ಎಲ್ಲಿ ಅಗೆಯಬೇಕು, ಎಷ್ಟು ಆಳಕ್ಕೆ, ಯಾವ ಕ್ರಮದಲ್ಲಿ, ಬಂಡೆ ಕುಸಿಯದಂತೆ ಹೇಗೆ ತಡೆಯಬೇಕು, ಒಳಗಿರುವವರಿಗೆ ಗಾಳಿ ಎಲ್ಲಿಂದ ಬರಬೇಕು, ಒಸರುವ ನೀರನ್ನು ಎತ್ತ ಕಳಿಸಬೇಕು, ಅದಿರು ಮುಗಿದ ಮೇಲೆ ಆ ಜಾಗವನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಗಣಿ ಎಂಜಿನಿಯರ್. ಅದನ್ನೂ ಪೂರ್ತಿ ಮಾಹಿತಿ ಕೈಯಲ್ಲಿಲ್ಲದೆ ತೀರ್ಮಾನಿಸಬೇಕು. ಸೇತುವೆ ಕಟ್ಟುವವರು ತಮಗೆ ಬೇಕಾದ ಗುಣದ ಉಕ್ಕನ್ನೇ ಆರಿಸಿ ತರಿಸಿಕೊಳ್ಳಬಹುದು. ಗಣಿಯಲ್ಲಿ ಪ್ರಕೃತಿ ಇಟ್ಟ ಬಂಡೆಯೇ ಗತಿ. ಆ ಬಂಡೆಯ ಬಗ್ಗೆ ಗೊತ್ತಿರುವುದು ಅಲ್ಲೊಂದು ಇಲ್ಲೊಂದು ಕೊರೆದ ರಂಧ್ರಗಳಿಂದ ಸಿಕ್ಕಷ್ಟೇ.

ಹಾಗಾಗಿ ಈ ಓದನ್ನು ಪುಸ್ತಕದಿಂದಷ್ಟೇ ಕಲಿಯಲು ಆಗುವುದಿಲ್ಲ. ಅರ್ಧ ತರಗತಿಯಲ್ಲಿ, ಉಳಿದರ್ಧ ಗಣಿಯೊಳಗೆ. ವಿಶ್ವವಿದ್ಯಾಲಯವನ್ನು ಆರಿಸುವುದರಿಂದ ಹಿಡಿದು ಮೊದಲ ನೌಕರಿ ಒಪ್ಪಿಕೊಳ್ಳುವವರೆಗೆ ನಿಮ್ಮ ಪ್ರತಿ ನಿರ್ಧಾರವನ್ನೂ ಈ ಒಂದು ಅಳತೆಗೋಲಿಟ್ಟು ನೋಡಿ: ಇದು ನನ್ನನ್ನು ಬಂಡೆಯ ಹತ್ತಿರ ಕರೆದೊಯ್ಯುತ್ತದೆಯೇ, ದೂರ ಒಯ್ಯುತ್ತದೆಯೇ?

ಮೊದಲು ಅಕ್ಕಪಕ್ಕದ ಕೋರ್ಸುಗಳನ್ನು ನೋಡಿ

ಅರ್ಜಿ ಹಾಕುವ ಮುನ್ನ ನಿಮಗೆ ಬೇಕಾದದ್ದು ಇದೇ ವಿಷಯವೇ ಎಂದು ಖಚಿತಪಡಿಸಿಕೊಳ್ಳಿ. ಅದಿರು ಹೇಗೆ ಹುಟ್ಟಿತು, ಎಲ್ಲಿ ಅಡಗಿದೆ ಎಂದು ಹುಡುಕುವ ಆಸೆ ಇದ್ದರೆ ಅದು ಭೂವಿಜ್ಞಾನ. ಮೇಲೆ ಬಂದ ಅದಿರನ್ನು ಪುಡಿ ಮಾಡಿ, ಲೋಹ ಬೇರ್ಪಡಿಸುವ ರಸಾಯನದಲ್ಲಿ ಆಸಕ್ತಿ ಇದ್ದರೆ ಖನಿಜ ಸಂಸ್ಕರಣೆ ಅಥವಾ ಮೆಟಲರ್ಜಿ. ತೈಲ, ಅನಿಲದ ಬಾವಿಗಳು ಪೆಟ್ರೋಲಿಯಂ ಎಂಜಿನಿಯರಿಂಗ್‌ಗೆ ಸೇರಿದ್ದು. ಅದಿರು ಹುಡುಕುವುದು ಒಂದು ತುದಿ, ಲೋಹ ಬೇರ್ಪಡಿಸುವುದು ಇನ್ನೊಂದು ತುದಿ; ಈ ಎರಡರ ನಡುವಿನದು ಮೈನಿಂಗ್: ನೆಲದಲ್ಲಿರುವ ಅದಿರನ್ನು ಸುರಕ್ಷಿತವಾಗಿ, ನಷ್ಟವಾಗದಂತೆ ಹೊರತರುವ ಕೆಲಸ. ಇಲ್ಲಿ ಯಂತ್ರ, ವಿದ್ಯುತ್, ಸಿವಿಲ್, ಲೆಕ್ಕಪತ್ರ, ಕಾನೂನು ಎಲ್ಲವೂ ಸ್ವಲ್ಪಸ್ವಲ್ಪ ಬೇಕು. ಒಂದೇ ವಿಷಯವನ್ನು ಆಳವಾಗಿ ಕೊರೆಯುತ್ತ ಹೋಗುವ ಮನಸ್ಸಿನವರಿಗೆ ಇದು ಕಿರಿಕಿರಿ ಅನ್ನಿಸಬಹುದು. ಹತ್ತು ವಿಷಯಗಳನ್ನು ಒಟ್ಟಿಗೆ ಹಿಡಿದು ತೀರ್ಮಾನ ತೆಗೆದುಕೊಳ್ಳಲು ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಕೋರ್ಸ್ ಇಲ್ಲ ಎಂದೇ ನನ್ನ ನಂಬಿಕೆ.

ನಿಮಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ

ಕತ್ತಲು, ಸೆಕೆ, ಧೂಳು, ಸದ್ದು, ರಾತ್ರಿ ಪಾಳಿ, ಊರಿಂದ ದೂರದ ವಾಸ ಈ ಕೆಲಸದ ಜೊತೆಗೇ ಬರುತ್ತವೆ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಅದನ್ನು ಮೂರನೇ ವರ್ಷದಲ್ಲಿ ಕಂಡುಕೊಳ್ಳುವುದಕ್ಕಿಂತ ಈಗಲೇ ಕಂಡುಕೊಳ್ಳುವುದು ಲೇಸು. ಪ್ರವಾಸಿಗರಿಗೆ ತೆರೆದಿರುವ ಹಳೆಯ ಗಣಿಗಳಿವೆ. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿ, ಸ್ವೀಡನ್ನಿನ ಫಾಲುನ್ ತಾಮ್ರದ ಗಣಿ ಅಂಥವು. ನಿಮಗೆ ಹತ್ತಿರದ ಯಾವುದೇ ಗಣಿ ಭೇಟಿಗೆ ಬಿಡುವುದಾದರೆ ಒಮ್ಮೆ ಒಳಗೆ ಹೋಗಿ ಬನ್ನಿ. ಕೆಲಸಕ್ಕೆ ಸೇರುವಾಗ ವೈದ್ಯಕೀಯ ತಪಾಸಣೆ ಇರುತ್ತದೆ, ದೃಷ್ಟಿ, ಕಿವಿ, ಶ್ವಾಸಕೋಶ ನೋಡುತ್ತಾರೆ. ಬಣ್ಣ ಗುರುತಿಸುವ ತೊಂದರೆ, ಆಸ್ತಮಾ ಮುಂತಾದವು ಇದ್ದರೆ ಯಾವ ಹುದ್ದೆಗಳಿಗೆ ಅಡ್ಡಿ, ಯಾವುದಕ್ಕೆ ಇಲ್ಲ ಎಂದು ಮೊದಲೇ ವಿಚಾರಿಸಿ.

ಹೆಣ್ಣುಮಕ್ಕಳು ಈ ಕೋರ್ಸ್ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ. ಅದಕ್ಕೆ ಕಾರಣವೂ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1935ರ ಒಂದು ಒಪ್ಪಂದ ಮಹಿಳೆಯರು ಭೂಗತ ಗಣಿಯಲ್ಲಿ ದುಡಿಯುವುದನ್ನೇ ನಿಷೇಧಿಸಿತ್ತು. ಎಷ್ಟೋ ದೇಶಗಳು ಆಮೇಲೆ ಅದರಿಂದ ಹೊರಬಂದವು. ಇಂದು ಗಣಿ ಮ್ಯಾನೇಜರ್ ಹುದ್ದೆಯಲ್ಲಿ, ಸ್ಫೋಟದ ತಂಡದಲ್ಲಿ, ಬಂಡೆ ವಿಭಾಗದಲ್ಲಿ ಮಹಿಳೆಯರಿದ್ದಾರೆ. ನಿಮ್ಮ ದೇಶದ ಕಾನೂನು ಏನನ್ನುತ್ತದೆ ಎಂದು ಓದಿಕೊಳ್ಳಿ. ಕಂಪನಿಯನ್ನು ಆರಿಸುವಾಗ ಭೂಗತ ಭಾಗದಲ್ಲಿ ಪ್ರತ್ಯೇಕ ಶೌಚಾಲಯ, ಸರಿಯಾದ ಅಳತೆಯ ಬೂಟು-ಹಾರ್ನೆಸ್, ರಾತ್ರಿ ಪಾಳಿಗೆ ವಾಹನ ಇವೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಸೇರಬೇಡಿ.

ವಿಶ್ವವಿದ್ಯಾಲಯ ಆರಿಸುವಾಗ

ಶಾಲೆಯ ಕೊನೆಯ ವರ್ಷಗಳಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ಗಟ್ಟಿ ಇರಲಿ. ಪ್ರವೇಶಕ್ಕೆ ಮುಖ್ಯವಾಗಿ ಬೇಕಾದದ್ದು ಇವೇ.

ಗಣಿ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಜರ್ಮನಿಯ ಫ್ರೈಬರ್ಗ್ ಗಣಿ ಅಕಾಡೆಮಿ ಆರಂಭವಾದದ್ದು 1765ರಲ್ಲಿ. ಅಮೆರಿಕದ ಕೊಲರಾಡೊ ಸ್ಕೂಲ್ ಆಫ್ ಮೈನ್ಸ್ 1874ರದು, ಭಾರತದ ಧನಬಾದ್‌ನ ಗಣಿ ಶಾಲೆ 1926ರದು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಆರಿಸಬೇಡಿ. ಆದರೆ ಇಂಥ ಕೆಲವು ಕಡೆ ಒಂದು ವಿಶೇಷವಿದೆ, ಅವಕ್ಕೆ ಸ್ವಂತ ಕಲಿಕಾ ಗಣಿಗಳಿವೆ. ಫ್ರೈಬರ್ಗ್‌ಗೆ ರೈಷೆ ಝೆಖೆ, ಕೊಲರಾಡೊಗೆ ಎಡ್ಗರ್ ಗಣಿ. ಅಲ್ಲಿ ವಿದ್ಯಾರ್ಥಿಗಳೇ ರಂಧ್ರ ಕೊರೆಯುತ್ತಾರೆ, ಸರ್ವೇ ಮಾಡುತ್ತಾರೆ, ಗಾಳಿಯ ವೇಗ ಅಳೆಯುತ್ತಾರೆ. ನೀವು ನೋಡುತ್ತಿರುವ ಕಾಲೇಜಿಗೆ ಇಂಥದ್ದು ಇಲ್ಲದಿದ್ದರೂ ನಡೆಯುತ್ತದೆ, ಯಾವ ಗಣಿಗಳ ಜೊತೆ ಅದಕ್ಕೆ ಕಾಯಂ ಒಪ್ಪಂದವಿದೆ ಎಂದು ಕೇಳಿ ತಿಳಿಯಿರಿ.

ಕೇಳಲೇಬೇಕಾದ ಇನ್ನೆರಡು ವಿಚಾರ. ಒಂದು, ಪದವಿಗೆ ಮಾನ್ಯತೆ. 1989ರ ವಾಷಿಂಗ್ಟನ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳ ಮಾನ್ಯತಾ ಸಂಸ್ಥೆಗಳು ಒಬ್ಬರ ಎಂಜಿನಿಯರಿಂಗ್ ಪದವಿಯನ್ನು ಇನ್ನೊಬ್ಬರು ಸಮಾನವೆಂದು ಒಪ್ಪುತ್ತವೆ. ಬೇರೆ ದೇಶದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ನಿಮ್ಮ ಕೋರ್ಸ್ ಈ ವ್ಯಾಪ್ತಿಗೆ ಬರುತ್ತದೆಯೇ ನೋಡಿ. ಇಡೀ ಕಾಲೇಜಿಗಲ್ಲ, ಆ ನಿರ್ದಿಷ್ಟ ಕೋರ್ಸಿಗೆ ಮಾನ್ಯತೆ ಇರಬೇಕು ಎಂಬುದು ನೆನಪಿರಲಿ. ಇನ್ನೊಂದು, ನಿಮ್ಮ ದೇಶದ ಗಣಿ ಸುರಕ್ಷತಾ ಇಲಾಖೆ ನಡೆಸುವ ಮ್ಯಾನೇಜರ್ ಪರೀಕ್ಷೆಗೆ ಈ ಪದವಿ ಅರ್ಹವೇ ಎಂಬುದು. ಪ್ರಾಧ್ಯಾಪಕರಲ್ಲಿ ಎಷ್ಟು ಮಂದಿ ಗಣಿಯಲ್ಲಿ ದುಡಿದು ಬಂದವರು ಎಂದು ತಿಳಿದರೆ ಇನ್ನೂ ಒಳ್ಳೆಯದು.

ನಾಲ್ಕು ವರ್ಷದ ಓದು: ಎಲ್ಲಿ ಬೆವರು ಸುರಿಸಬೇಕು

ಮೊದಲ ವರ್ಷ ಬಹುತೇಕ ಎಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳದ್ದೂ ಒಂದೇ: ಗಣಿತ, ಮೆಕ್ಯಾನಿಕ್ಸ್, ಡ್ರಾಯಿಂಗ್, ಪ್ರೋಗ್ರಾಮಿಂಗ್. ಇದರಲ್ಲಿ ಸಂಖ್ಯಾಶಾಸ್ತ್ರವನ್ನು ಕಡೆಗಣಿಸಬೇಡಿ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರೀಗೆ 1951ರಲ್ಲಿ ವಿಟ್ವಾಟರ್ಸ್‌ರಾಂಡ್‌ನ ಚಿನ್ನದ ಗಣಿಗಳ ಮಾದರಿಗಳನ್ನು ಇಟ್ಟುಕೊಂಡು ಒಂದು ಪ್ರಶ್ನೆಗೆ ಉತ್ತರ ಹುಡುಕಿದರು: ಕೆಲವೇ ಜಾಗಗಳ ಮಾದರಿ ಗೊತ್ತಿದ್ದರೆ, ಅವುಗಳ ನಡುವಿನ ಬಂಡೆಯಲ್ಲಿ ಎಷ್ಟು ಚಿನ್ನವಿದೆ ಎಂದು ಅಂದಾಜಿಸುವುದು ಹೇಗೆ? ಫ್ರೆಂಚ್ ಗಣಿತಜ್ಞ ಜಾರ್ಜ್ ಮಾಥೆರಾನ್ ಅದಕ್ಕೆ ಗಣಿತದ ಬುನಾದಿ ಹಾಕಿ ಕ್ರೀಗೆಯವರ ಹೆಸರನ್ನೇ ಇಟ್ಟರು. ಕ್ರಿಗಿಂಗ್ ಎಂಬ ಆ ವಿಧಾನವನ್ನು ಇಂದು ಮಣ್ಣಿನ ಮಾಲಿನ್ಯ ಅಂದಾಜಿಸುವವರೂ ಬಳಸುತ್ತಾರೆ, ಮಳೆಯ ನಕ್ಷೆ ಮಾಡುವವರೂ ಬಳಸುತ್ತಾರೆ. ಗಣಿಯ ಒಂದು ದಿನನಿತ್ಯದ ತಲೆನೋವಿನಿಂದ ಹುಟ್ಟಿದ ವಿದ್ಯೆ ಅದು.

ಎರಡನೇ ವರ್ಷದಿಂದ ನಿಜವಾದ ವಿಷಯಗಳು ಶುರು. ಎಲ್ಲವನ್ನೂ ಸಮವಾಗಿ ಓದಿ ಎಂದು ನಾನು ಹೇಳುವುದಿಲ್ಲ. ಬಂಡೆ ಮತ್ತು ಗಾಳಿ, ಈ ಎರಡು ವಿಷಯಗಳಿಗೆ ಉಳಿದವಕ್ಕಿಂತ ಹೆಚ್ಚು ಸಮಯ ಕೊಡಿ. ಜೀವ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇವೆರಡರಲ್ಲಿ.

ಬಂಡೆಯ ಯಂತ್ರಶಾಸ್ತ್ರ, ಅಂದರೆ ರಾಕ್ ಮೆಕ್ಯಾನಿಕ್ಸ್. ಒಂದು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರದಿಂದ ಬೀಳುವ ಒತ್ತಡ ಸುಮಾರು 27 ಮೆಗಾಪಾಸ್ಕಲ್. ಅಲ್ಲಿ ಸುರಂಗ ತೆಗೆದೊಡನೆ ಆ ಒತ್ತಡ ಸುರಂಗದ ಸುತ್ತಲಿನ ಗೋಡೆಗಳ ಮೇಲೆ ಬೀಳುತ್ತದೆ. ಗೋಡೆ ತಡೆದುಕೊಳ್ಳುತ್ತದೆಯೇ ಎಂಬುದು ಬಂಡೆಯ ಗಟ್ಟಿತನಕ್ಕಿಂತ ಹೆಚ್ಚಾಗಿ ಅದರಲ್ಲಿರುವ ಬಿರುಕುಗಳ ಮೇಲೆ ನಿಂತಿದೆ: ಎಷ್ಟು ಬಿರುಕು, ಯಾವ ದಿಕ್ಕಿಗೆ ವಾಲಿವೆ, ಒಳಗೆ ಜೇಡಿಮಣ್ಣು ತುಂಬಿದೆಯೇ, ನೀರು ಒಸರುತ್ತಿದೆಯೇ. ಇದನ್ನೆಲ್ಲ ಅಂಕಗಳಾಗಿ ಬರೆದು ಬಂಡೆಯ ದರ್ಜೆ ಹೇಳುವ ಎರಡು ಪದ್ಧತಿಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. 1973ರಲ್ಲಿ ಬಿಯೆನಿಯಾವ್ಸ್ಕಿ ರೂಪಿಸಿದ ಆರ್‌ಎಂಆರ್ ಒಂದು, 1974ರಲ್ಲಿ ನಾರ್ವೆಯಲ್ಲಿ ಬಾರ್ಟನ್ ಮತ್ತು ಸಂಗಡಿಗರು ರೂಪಿಸಿದ ಕ್ಯೂ ಪದ್ಧತಿ ಇನ್ನೊಂದು. ಎರಡನ್ನೂ ಕೈಯಲ್ಲೇ ಲೆಕ್ಕ ಹಾಕಲು ಕಲಿಯಿರಿ. ಪ್ರಯೋಗಾಲಯದಲ್ಲಿ ಒಂದೇ ಬಂಡೆಯ ಹತ್ತು ತುಂಡುಗಳನ್ನು ಒತ್ತಿ ಮುರಿದಾಗ ಹತ್ತು ಬೇರೆ ಬೇರೆ ಸಂಖ್ಯೆ ಬರುತ್ತದೆ. ಸರಾಸರಿ ತೆಗೆದು ವರದಿ ಮುಗಿಸಬೇಡಿ, ಆ ಏರುಪೇರು ಯಾಕೆ ಬಂತು ಎಂದು ಒಡೆದ ತುಂಡುಗಳನ್ನು ಹಿಡಿದು ನೋಡಿ.

ತೆರೆದ ಗಣಿಗೂ ಇದೇ ವಿದ್ಯೆ ಬೇಕು. ನೀವೇ ಒಂದು ಲೆಕ್ಕ ಮಾಡಿ ನೋಡಿ. 300 ಮೀಟರ್ ಆಳದ ಹೊಂಡ, ಅದರ ಒಂದು ಬದಿಯ ಇಳಿಜಾರು 45 ಡಿಗ್ರಿ ಎಂದುಕೊಳ್ಳಿ. ಸುರಕ್ಷತೆಗಾಗಿ ಅದನ್ನು 44 ಡಿಗ್ರಿಗೆ ಇಳಿಸಿದರೆ ಗೋಡೆಯ ಪ್ರತಿ ಒಂದು ಕಿಲೋಮೀಟರ್ ಉದ್ದಕ್ಕೆ ಸುಮಾರು 16 ಲಕ್ಷ ಘನ ಮೀಟರ್, ಅಂದರೆ 40 ಲಕ್ಷ ಟನ್‌ಗೂ ಹೆಚ್ಚು ಬೇಡದ ಕಲ್ಲನ್ನು ಹೆಚ್ಚುವರಿಯಾಗಿ ತೆಗೆಯಬೇಕು. ಒಂದೇ ಡಿಗ್ರಿಗೆ ಇಷ್ಟು ಖರ್ಚು. ಆದ್ದರಿಂದ ಇಳಿಜಾರನ್ನು ಕಡಿದಾಗಿಡಿ ಎಂಬ ಒತ್ತಡ ಸದಾ ಇರುತ್ತದೆ. ಅಮೆರಿಕದ ಯೂಟಾದಲ್ಲಿರುವ ಬಿಂಗಮ್ ಕ್ಯಾನಿಯನ್ ತಾಮ್ರದ ಗಣಿಯಲ್ಲಿ 2013ರ ಏಪ್ರಿಲ್‌ನಲ್ಲಿ ಗೋಡೆಯ ಒಂದು ಬದಿ ಜಾರಿ, 10 ಕೋಟಿ ಟನ್‌ಗೂ ಮಿಕ್ಕ ಕಲ್ಲುಮಣ್ಣು ಹೊಂಡಕ್ಕೆ ಬಿತ್ತು. ಒಬ್ಬರಿಗೂ ಗಾಯವಾಗಲಿಲ್ಲ. ಗೋಡೆ ಅಲುಗುತ್ತಿರುವುದನ್ನು ಉಪಕರಣಗಳು ಮುಂಚೆಯೇ ಹಿಡಿದಿದ್ದವು, ಬೀಳುವ ಮೊದಲೇ ಜನರನ್ನು ಹೊರಗೆ ಕಳಿಸಿದ್ದರು. ಬಂಡೆ ವಿಭಾಗದ ಎಂಜಿನಿಯರ್ ಮಾಡುವ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಈ ಘಟನೆಯನ್ನು ಹೇಳಿ.

ಗಾಳಿ, ಅಂದರೆ ವೆಂಟಿಲೇಷನ್. ವಿದ್ಯಾರ್ಥಿಗಳು ಇದನ್ನು ಅಂಕಕ್ಕಾಗಿ ಓದಿ ಮರೆಯುತ್ತಾರೆ, ಹಾಗೆ ಮಾಡಬೇಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಅದನ್ನು ಅಪಾಯದ ಮಟ್ಟಕ್ಕಿಂತ ಬಹಳ ಕೆಳಗೆ ಇಡುವುದು, ಡೀಸೆಲ್ ಹೊಗೆ ಮತ್ತು ಸ್ಫೋಟದ ಹೊಗೆಯನ್ನು ಹೊರಗೆ ತಳ್ಳುವುದು, ಸೆಕೆ ಇಳಿಸುವುದು, ಎಲ್ಲವೂ ಮುಖ್ಯವಾಗಿ ಗಾಳಿಯ ಹರಿವಿನಿಂದ ಆಗಬೇಕು. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ ಸುಮಾರು 4 ಕಿಲೋಮೀಟರ್ ಆಳಕ್ಕೆ ಹೋಗಿದೆ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿಂದ ಮಂಜುಗಡ್ಡೆಯ ಕೆಸರನ್ನು ಕಳಿಸಿ ತಂಪು ಮಾಡದಿದ್ದರೆ ಮನುಷ್ಯರು ಅಲ್ಲಿ ನಿಲ್ಲಲಾರರು. ಒಂದು ನಿಯಮವನ್ನು ಮಾತ್ರ ಯಾವತ್ತೂ ಮರೆಯಬೇಡಿ: ಅದೇ ದಾರಿಯಲ್ಲಿ ಗಾಳಿಯ ಪ್ರಮಾಣವನ್ನು ಎರಡು ಪಟ್ಟು ಮಾಡಬೇಕಾದರೆ ಫ್ಯಾನಿಗೆ ಎಂಟು ಪಟ್ಟು ಶಕ್ತಿ ಬೇಕು. 'ಇನ್ನೂ ಸ್ವಲ್ಪ ಗಾಳಿ ಬಿಡಿ' ಎಂದು ಮೇಲಧಿಕಾರಿ ಸಲೀಸಾಗಿ ಹೇಳಿದಾಗ ಅದರ ಬೆಲೆ ಏನು, ಅದರ ಬದಲು ಸುರಂಗವನ್ನು ಅಗಲ ಮಾಡಿದರೆ ಏನಾಗುತ್ತದೆ ಎಂದು ಉತ್ತರ ಕೊಡಬೇಕಾದವರು ನೀವು.

ಡ್ರಿಲ್ಲಿಂಗ್ ಮತ್ತು ಬ್ಲಾಸ್ಟಿಂಗ್ ಎಲ್ಲರಿಗೂ ಇಷ್ಟವಾಗುವ ವಿಷಯ, ಹೆಚ್ಚು ಒತ್ತಾಯ ಬೇಕಿಲ್ಲ. ಅನೇಕ ತೆರೆದ ಗಣಿಗಳಲ್ಲಿ ಬಳಸುವ ಆನ್ಫೋ ಎಂಬ ಸ್ಫೋಟಕದಲ್ಲಿ ತೂಕದ ಲೆಕ್ಕದಲ್ಲಿ 94 ಶೇಕಡಾ ಅಮೋನಿಯಂ ನೈಟ್ರೇಟ್, 6 ಶೇಕಡಾ ಡೀಸೆಲ್‌ನಂಥ ಎಣ್ಣೆ. ಎಣ್ಣೆ ಹೆಚ್ಚುಕಡಿಮೆಯಾದರೆ ವಿಷದ ಹೊಗೆ ಹೆಚ್ಚುತ್ತದೆ. ಇಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ, ಸ್ಫೋಟ ಅಲ್ಲಿಗೇ ಮುಗಿಯುವುದಿಲ್ಲ ಎಂಬುದು. ರಂಧ್ರಗಳ ನಡುವಿನ ಅಂತರ, ಒಂದರ ನಂತರ ಒಂದು ಸಿಡಿಯುವ ಮಿಲಿಸೆಕೆಂಡ್ ಲೆಕ್ಕ ಸರಿಯಾಗಿದ್ದರೆ ಕಲ್ಲು ಸಣ್ಣದಾಗಿ ಒಡೆದು, ಮುಂದೆ ಕ್ರಷರ್‌ನಲ್ಲಿ ವಿದ್ಯುತ್ ಉಳಿಯುತ್ತದೆ. ತಪ್ಪಿದರೆ ದೊಡ್ಡ ಬಂಡೆಗಳು ಉಳಿಯುತ್ತವೆ, ಕಲ್ಲು ಹಾರುತ್ತದೆ, ಹತ್ತಿರದ ಮನೆಗಳ ಗೋಡೆ ಬಿರುಕು ಬಿಡುತ್ತದೆ.

ಗಣಿ ಯೋಜನೆ ಮತ್ತು ಅರ್ಥಶಾಸ್ತ್ರ ಒಟ್ಟಿಗೆ ಓದಬೇಕಾದವು. ನೆಲವನ್ನು ಇಟ್ಟಿಗೆಯಾಕಾರದ ಸಾವಿರಾರು ತುಂಡುಗಳಾಗಿ ಕಲ್ಪಿಸಿ, ಪ್ರತಿಯೊಂದರಲ್ಲಿ ಎಷ್ಟು ಲೋಹವಿದೆ, ತೆಗೆದರೆ ಲಾಭವೇ ಎಂದು ಲೆಕ್ಕ ಹಾಕುತ್ತಾರೆ. ಇವುಗಳಲ್ಲಿ ಯಾವ್ಯಾವುದನ್ನು ತೆಗೆದರೆ ಹೊಂಡದ ಒಟ್ಟು ಲಾಭ ಅತಿ ಹೆಚ್ಚಾಗುತ್ತದೆ ಎಂಬ ಪ್ರಶ್ನೆಗೆ ಲೆರ್ಚ್ಸ್ ಮತ್ತು ಗ್ರಾಸ್‌ಮನ್ 1965ರಲ್ಲಿ ಕೊಟ್ಟ ಉತ್ತರವೇ ಇಂದಿನ ಅನೇಕ ಸಾಫ್ಟ್‌ವೇರ್‌ಗಳ ಅಡಿಪಾಯ. ಸಮಯದ ಬೆಲೆಯೂ ಇಲ್ಲಿ ಬರುತ್ತದೆ. ವರ್ಷಕ್ಕೆ 10 ಶೇಕಡಾ ದರದಲ್ಲಿ ನೋಡಿದರೆ, ಹತ್ತು ವರ್ಷದ ನಂತರ ಬರುವ 100ರ ಇಂದಿನ ಬೆಲೆ 39ಕ್ಕೂ ಕಡಿಮೆ. ಹಾಗಾಗಿ ಒಳ್ಳೆಯ ಅದಿರನ್ನು ಮೊದಲೇ ತೆಗೆದುಬಿಡುವ ಆಸೆ ಹುಟ್ಟುತ್ತದೆ. ಆ ಆಸೆಗೆ ಬಿದ್ದು ನಡುವಿನ ಸಾಧಾರಣ ಅದಿರನ್ನು ತಲುಪಲಾಗದಂತೆ ಮಾಡಿಕೊಂಡರೆ ಗಣಿಯ ಆಯುಷ್ಯವೇ ಕಡಿಮೆಯಾಗುತ್ತದೆ. ಈ ಎರಡರ ನಡುವೆ ತೂಗಿ ನೋಡುವುದೇ ಯೋಜನೆಯ ಕಸುಬು.

ಇನ್ನು ಉಳಿಕೆಯ ವಿಷಯ. ತಾಮ್ರದ ಅದಿರಿನಲ್ಲಿ 0.6 ಶೇಕಡಾ ಲೋಹವಿದ್ದರೆ ಒಂದು ಟನ್ ಕಲ್ಲಿನಲ್ಲಿ ತಾಮ್ರ 6 ಕಿಲೋ ಮಾತ್ರ. ಉಳಿದದ್ದು ಬಹುಪಾಲು ನುಣ್ಣಗೆ ಅರೆದ ಕೆಸರಾಗಿ, ಟೈಲಿಂಗ್ಸ್ ಎಂಬ ಹೆಸರಿನಲ್ಲಿ, ಅಣೆಕಟ್ಟಿನ ಹಿಂದೆ ಸೇರುತ್ತದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಅಂಥದೊಂದು ಅಣೆಕಟ್ಟು ಒಡೆದು 270 ಜನ ಸತ್ತರು. ಮರುವರ್ಷ ಟೈಲಿಂಗ್ಸ್ ನಿರ್ವಹಣೆಗೆ ಜಾಗತಿಕ ಮಾನದಂಡ ಬಂತು. ಈ ಭಾಗವನ್ನು 'ಪರಿಸರದ ಪೇಪರ್' ಎಂದು ಕೊನೆಗೆ ತಳ್ಳುವ ವಿದ್ಯಾರ್ಥಿಗಳಿದ್ದಾರೆ. ಗಂಧಕವಿರುವ ಕಲ್ಲಿಗೆ ಗಾಳಿ, ನೀರು ಸೋಕಿದರೆ ಆಮ್ಲ ಹುಟ್ಟುತ್ತದೆ, ಗಣಿ ಮುಚ್ಚಿ ದಶಕಗಳಾದರೂ ಅದು ಹರಿಯುತ್ತಲೇ ಇರಬಹುದು. ಇದು ನಾಳಿನ ಎಂಜಿನಿಯರ್‌ಗೆ ಪೂರ್ಣಾವಧಿಯ ಕೆಲಸ.

ಗಣಿ ಕಾನೂನಿನ ಪುಸ್ತಕ ಒಣಗಿದ್ದಂತೆ ಕಾಣುತ್ತದೆ. ಅದರ ಒಂದೊಂದು ಕಲಮಿನ ಹಿಂದೆ ಯಾವ ದುರಂತವಿದೆ ಎಂದು ಹುಡುಕಿಕೊಂಡು ಓದಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಹಾರ್ಟ್ಲೀ ಕಲ್ಲಿದ್ದಲು ಗಣಿಗೆ ಇಳಿದು ಹತ್ತಲು ಇದ್ದದ್ದು ಒಂದೇ ಬಾವಿ. 1862ರಲ್ಲಿ ಪಂಪಿನ ದೊಡ್ಡ ತೊಲೆ ಮುರಿದು ಅದರೊಳಗೆ ಬಿದ್ದು ದಾರಿ ಮುಚ್ಚಿಹೋಯಿತು, 204 ಜನ ಸತ್ತರು. ಅದೇ ವರ್ಷ ಅಲ್ಲಿ ಗಣಿಗೆ ಎರಡು ದಾರಿ ಇರಲೇಬೇಕೆಂಬ ಕಾನೂನು ಬಂತು. ಚಿಲಿಯ ಸಾನ್ ಹೊಸೆ ಗಣಿಯಲ್ಲಿ 2010ರಲ್ಲಿ 33 ಮಂದಿ 69 ದಿನ ಸಿಕ್ಕಿಬಿದ್ದಿದ್ದರಲ್ಲ, ಅಲ್ಲೂ ಗಾಳಿಬಾವಿಯಲ್ಲಿ ಹತ್ತಿ ಬರಲು ಪೂರ್ತಿ ಏಣಿ ಇರಲಿಲ್ಲ.

ತರಬೇತಿಯನ್ನು ಸರ್ಟಿಫಿಕೇಟಿಗಾಗಿ ಮಾಡಬೇಡಿ

ಬೇಸಿಗೆ ರಜೆಗಳಲ್ಲಿ ಕನಿಷ್ಠ ಎರಡು ಬಗೆಯ ಗಣಿ ನೋಡಿ, ಒಂದು ತೆರೆದದ್ದು, ಒಂದು ಭೂಗತ. ಕಲ್ಲಿದ್ದಲು ಮತ್ತು ಲೋಹ ಎರಡೂ ಸಿಕ್ಕರೆ ಇನ್ನೂ ಲೇಸು, ಯಾಕೆಂದರೆ ಮೆತ್ತನೆಯ ಪದರದ ಬಂಡೆಯೂ ಗಟ್ಟಿ ಬಂಡೆಯೂ ಕಲಿಸುವ ಪಾಠ ಬೇರೆ ಬೇರೆ.

ಹೋದ ಮೇಲೆ ಆಫೀಸಿನ ಕಂಪ್ಯೂಟರ್ ಮುಂದೆ ಕೂರಿಸಿದರೆ ಒಪ್ಪಬೇಡಿ, ವಿನಯದಿಂದ ಪಾಳಿಗೆ ಕಳಿಸಿ ಎಂದು ಕೇಳಿ. ಅನುಭವಿ ಕಾರ್ಮಿಕರ ಜೊತೆ ಇರಿ. ಸಲಾಕೆಯಿಂದ ಚಾವಣಿ ತಟ್ಟಿ, ಬರುವ ಸದ್ದಿನ ಮೇಲೆ ಬಂಡೆ ಗಟ್ಟಿಯೇ ಸಡಿಲವೇ ಎಂದು ಹೇಳುವವರಿದ್ದಾರೆ. ಅವರು ಹೇಗೆ ತಟ್ಟುತ್ತಾರೆ, ಎಲ್ಲಿ ನಿಂತು ತಟ್ಟುತ್ತಾರೆ, ಹಿಂದೆ ಸರಿಯಲು ದಾರಿ ಯಾವ ಕಡೆ ಇಟ್ಟುಕೊಂಡಿರುತ್ತಾರೆ ಎಂದು ಗಮನಿಸಿ. ಅವರನ್ನು 'ನೀವು' ಎಂದೇ ಮಾತಾಡಿಸಿ. ಮುಂದೊಂದು ದಿನ ನೀವು ಅವರ ಅಧಿಕಾರಿಯಾಗುತ್ತೀರಿ, ಇವತ್ತು ಅವರು ನಿಮ್ಮ ಗುರುಗಳು.

ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೊಂದು ಚಿತ್ರ ಬಿಡಿಸಿ: ಗಾಳಿ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತದೆ, ನೀರು ಎಲ್ಲಿ ಸೇರುತ್ತದೆ, ಬಂಡೆಯನ್ನು ಹಿಡಿದಿಡಲು ಹಾಕಿದ ಬೋಲ್ಟ್‌ಗಳ ಅಂತರ ಎಷ್ಟು, ಡಂಪರ್ ಒಂದು ಸುತ್ತಿಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ, ಅದರಲ್ಲಿ ಸುಮ್ಮನೆ ಕಾದದ್ದು ಎಷ್ಟು. ಅಲ್ಲೇ ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಸಿಗುತ್ತದೆ. ಗಣಿಯವರಿಗೆ ನಿಜವಾಗಿ ತಲೆನೋವಾಗಿರುವ ಒಂದು ಸಣ್ಣ ಸಮಸ್ಯೆಯನ್ನು ಹಿಡಿದು ಬಿಡಿಸಿದ ಪ್ರಾಜೆಕ್ಟಿಗೆ ಸಂದರ್ಶನದಲ್ಲಿ ಸಿಗುವ ಬೆಲೆ, ದೊಡ್ಡ ಹೆಸರಿನ ವಿಷಯದ ಮೇಲೆ ಅಲ್ಲಿಇಲ್ಲಿಂದ ಕೂಡಿಸಿದ ವರದಿಗೆ ಸಿಗುವುದಿಲ್ಲ.

ಗಣಿ ಯೋಜನೆಯ ಸಾಫ್ಟ್‌ವೇರ್ ಬಗ್ಗೆ ಚುಟುಕಾಗಿ. ಸರ್ಪ್ಯಾಕ್, ಡೇಟಾಮೈನ್, ಡೆಸ್ವಿಕ್, ವಲ್ಕನ್ ಇವುಗಳಲ್ಲಿ ಒಂದನ್ನು ಚೆನ್ನಾಗಿ ಕಲಿತರೆ ಉಳಿದವು ಸುಲಭ. ಜೊತೆಗೆ ಪೈಥಾನ್ ಮತ್ತು ಎಕ್ಸೆಲ್. ತೆರೆಯ ಮೇಲೆ ಬಂದ ಬಣ್ಣಬಣ್ಣದ ಮಾದರಿಯನ್ನು ನಂಬುವ ಮೊದಲು ಅದಕ್ಕೆ ಆಧಾರವಾದ ರಂಧ್ರಗಳೆಷ್ಟು ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಮೊದಲ ನೌಕರಿ

ಪದವಿ ಮುಗಿದ ಮೇಲೆ ಎರಡು ರೀತಿಯ ಅವಕಾಶ ಬರಬಹುದು: ನಗರದ ಆಫೀಸಿನಲ್ಲಿ ಯೋಜನಾ ಕೆಲಸ, ಇಲ್ಲವೇ ದೂರದ ಗಣಿಯಲ್ಲಿ ಪಾಳಿಯ ಮೇಲ್ವಿಚಾರಣೆ. ಸಂಬಳ ಸಮನಾಗಿದ್ದರೂ, ಸ್ವಲ್ಪ ಕಡಿಮೆಯೇ ಇದ್ದರೂ, ಗಣಿಗೆ ಹೋಗಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಗಣಿಯಿಂದ ಆಫೀಸಿಗೆ ಯಾವಾಗ ಬೇಕಾದರೂ ಬರಬಹುದು, ಆಫೀಸಿನಲ್ಲಿ ಐದು ವರ್ಷ ಕಳೆದವರಿಗೆ ಗಣಿಗೆ ಇಳಿಯುವುದು ಕಷ್ಟ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಅನೇಕ ದೇಶಗಳಲ್ಲಿ ಗಣಿ ಮ್ಯಾನೇಜರ್ ಆಗಲು ಬರೀ ಪದವಿ ಸಾಲದು, ಸರ್ಕಾರದ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕು. ಆ ಪರೀಕ್ಷೆಗೆ ಕೂರಲು ಇಂತಿಷ್ಟು ಕಾಲ ಗಣಿಯೊಳಗೆ ದುಡಿದ ದಾಖಲೆ ಬೇಕು. ಮೊದಲ ದಿನದಿಂದಲೇ ಯಾವ ತಿಂಗಳು ಯಾವ ಸೆಕ್ಷನ್‌ನಲ್ಲಿ, ಯಾವ ಕೆಲಸ ಎಂದು ಬರೆದಿಟ್ಟು ಮೇಲಧಿಕಾರಿಯ ಸಹಿ ಹಾಕಿಸಿಕೊಳ್ಳಿ. ಕಂಪನಿ ಕೈ ಬದಲಾದರೆ, ಅಧಿಕಾರಿ ವರ್ಗವಾದರೆ ಆಮೇಲೆ ಸಹಿ ಹುಡುಕುವುದು ದೊಡ್ಡ ಪಾಡು. ಸ್ಫೋಟಕ ಬಳಸುವ ಪರವಾನಗಿ, ಪ್ರಥಮ ಚಿಕಿತ್ಸೆ, ಗಣಿ ರಕ್ಷಣಾ ತಂಡದ ತರಬೇತಿ ಇವುಗಳನ್ನೂ ಈ ವರ್ಷಗಳಲ್ಲೇ ಮುಗಿಸಿ. ರಕ್ಷಣಾ ತಂಡಕ್ಕೆ ಸೇರಿದವರಿಗೆ ಗಣಿಯ ಮೂಲೆಮೂಲೆಯೂ ಗೊತ್ತಾಗುತ್ತದೆ.

ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಬೇಕು. ಪಾಳಿ ಹೇಗೆ, ಎಷ್ಟು ದಿನ ಕೆಲಸ ಎಷ್ಟು ದಿನ ರಜೆ? ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಕಿರಿಯ ಎಂಜಿನಿಯರ್‌ಗೆ ಇದೆಯೇ, ಕಳೆದ ವರ್ಷ ಯಾರಾದರೂ ಅದನ್ನು ಬಳಸಿದರೇ? ಧೂಳಿನ ಅಳತೆಯ ವರದಿ ಕಾರ್ಮಿಕರಿಗೆ ತೋರಿಸುತ್ತೀರಾ? ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ, ಆದ್ದರಿಂದ ಈ ಪ್ರಶ್ನೆ ನಿಮ್ಮ ಎದೆಗೂಡಿಗೇ ಸಂಬಂಧಿಸಿದ್ದು. 1995ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಗಣಿ ಸುರಕ್ಷತಾ ಒಪ್ಪಂದ, ಸಂಖ್ಯೆ 176, ಅಪಾಯದ ಜಾಗದಿಂದ ಹೊರನಡೆಯುವ ಹಕ್ಕನ್ನು ಕಾರ್ಮಿಕರಿಗೆ ಕೊಡುತ್ತದೆ. ನಿಮ್ಮ ದೇಶ ಅದನ್ನು ಒಪ್ಪಿದೆಯೇ ತಿಳಿದಿರಿ.

ಮುಂದೆ ಕವಲೊಡೆಯುವ ದಾರಿಗಳು

ನಾಲ್ಕೈದು ವರ್ಷದ ಗಣಿ ಅನುಭವದ ನಂತರ ಆಯ್ಕೆಗಳು ತೆರೆದುಕೊಳ್ಳುತ್ತವೆ. ಜನರನ್ನು ನಡೆಸುವ ಗುಣವಿದ್ದವರು ಸೆಕ್ಷನ್, ಅಂಡರ್ ಮ್ಯಾನೇಜರ್, ಮ್ಯಾನೇಜರ್ ಎಂದು ಮೇಲೇರುತ್ತಾರೆ. ಬಂಡೆ ಇಷ್ಟವಾದವರು ಸ್ನಾತಕೋತ್ತರ ಓದಿ ಜಿಯೋಟೆಕ್ನಿಕಲ್ ಎಂಜಿನಿಯರ್ ಆಗುತ್ತಾರೆ. ಇವರಿಗೆ ಗಣಿಯ ಹೊರಗೂ ಬೇಡಿಕೆ ಇದೆ, ಮೆಟ್ರೊ, ರೈಲು, ಜಲವಿದ್ಯುತ್ ಸುರಂಗಗಳಿಗೂ ಇದೇ ವಿದ್ಯೆ ಬೇಕು. ವೆಂಟಿಲೇಷನ್ ಪರಿಣತರು ಕಡಿಮೆ ಇರುವುದರಿಂದ ಅವರಿಗೆ ಕೆಲಸಕ್ಕೆ ಪರದಾಟವಿಲ್ಲ.

ನಿಕ್ಷೇಪಗಳ ಅಂದಾಜಿನ ದಾರಿ ಬೇರೆಯದೇ. 1997ರಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಇಂಡೊನೇಷ್ಯಾದಲ್ಲಿ ಭಾರೀ ಚಿನ್ನ ಸಿಕ್ಕಿದೆ ಎಂದದ್ದು ಮೋಸವೆಂದು ಬಯಲಾಯಿತು, ಮಾದರಿಗಳಿಗೇ ಹೊರಗಿನ ಚಿನ್ನ ಬೆರೆಸಿದ್ದರು. ಆಮೇಲೆ ಕೆನಡಾ ತನ್ನ ನಿಯಮಗಳನ್ನು ಬಿಗಿ ಮಾಡಿತು. ನಿಕ್ಷೇಪದ ವರದಿ ಹೇಗಿರಬೇಕು ಎಂದು ಹೇಳುವ ಆಸ್ಟ್ರೇಲಿಯಾದ ಜಾರ್ಕ್ ಸಂಹಿತೆ 1989ರಿಂದಲೇ ಇತ್ತು. ಇಂಥ ಸಂಹಿತೆಗಳ ಪ್ರಕಾರ ನಿಕ್ಷೇಪದ ವರದಿಗೆ ಹೆಸರು ಹಾಕಿ ಹೊಣೆ ಹೊರುವವರಿಗೆ ಆ ಬಗೆಯ ನಿಕ್ಷೇಪದಲ್ಲಿ ಕನಿಷ್ಠ ಐದು ವರ್ಷದ ಅನುಭವ, ವೃತ್ತಿಸಂಸ್ಥೆಯ ಸದಸ್ಯತ್ವ ಬೇಕು. ಸಲಹಾ ಸಂಸ್ಥೆಗಳು, ಗಣಿಗಳಿಗೆ ಸಾಲ ಕೊಡುವ ಬ್ಯಾಂಕುಗಳು ಇಂಥವರನ್ನು ಹುಡುಕುತ್ತವೆ. ಈ ದಾರಿಯ ಆಸೆ ಇದ್ದರೆ ಸದಸ್ಯತ್ವವನ್ನು ವಿದ್ಯಾರ್ಥಿಯಾಗಿದ್ದಾಗಲೇ ತೆಗೆದುಕೊಳ್ಳಿ.

ಯಾಂತ್ರೀಕರಣದಿಂದ ಕೆಲಸ ಹೋಗುತ್ತದೆಯೇ? ರಿಯೊ ಟಿಂಟೊ ಕಂಪನಿ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 2008ರಿಂದ ಚಾಲಕನಿಲ್ಲದ ಡಂಪರ್‌ಗಳನ್ನು ಓಡಿಸುತ್ತಿದೆ. ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಿಂದ ಅವುಗಳ ಮೇಲೆ ಕಣ್ಣಿಡುತ್ತಾರೆ. ಚಾಲಕರ ಕೆಲಸ ಕಡಿಮೆಯಾದದ್ದು ನಿಜ. ಎಂಜಿನಿಯರ್‌ಗಳ ಕೆಲಸ ಬದಲಾಗಿದೆ: ಡೇಟಾ ಓದಬೇಕು, ದಾರಿ ವಿನ್ಯಾಸ ಮಾಡಬೇಕು, ಯಂತ್ರ ಮತ್ತು ಮನುಷ್ಯರು ಒಂದೇ ಜಾಗದಲ್ಲಿದ್ದಾಗಿನ ಅಪಾಯ ಯೋಚಿಸಬೇಕು. ಪ್ರೋಗ್ರಾಮಿಂಗ್ ಬಲ್ಲ, ಗಣಿಯೂ ಗೊತ್ತಿರುವ ಎಂಜಿನಿಯರ್ ಸಿಗುವುದು ಕಷ್ಟ, ಅದು ನಿಮ್ಮ ಅವಕಾಶ.

ಗಣಿ ಮುಚ್ಚುವುದು, ಜನವಸತಿ ಸ್ಥಳಾಂತರ ಇವೂ ದೊಡ್ಡ ಕ್ಷೇತ್ರಗಳಾಗಿವೆ. ಸ್ವೀಡನ್ನಿನ ಕಿರುನಾದಲ್ಲಿ ಕಬ್ಬಿಣದ ಗಣಿಯಿಂದ ನೆಲ ಕುಸಿಯುತ್ತಿರುವುದರಿಂದ ಊರಿನ ಮಧ್ಯಭಾಗವನ್ನೇ ಸ್ಥಳಾಂತರಿಸುತ್ತಿದ್ದಾರೆ. ಅಲ್ಲಿಯ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ ಸುಮಾರು 5 ಕಿಲೋಮೀಟರ್ ದೂರ ಸಾಗಿಸಿದರು. ನೆಲ ಯಾವಾಗ, ಎಷ್ಟು ದೂರದವರೆಗೆ ಬಿರಿಯುತ್ತದೆ ಎಂಬ ಲೆಕ್ಕ ಗಣಿ ಎಂಜಿನಿಯರ್‌ಗಳದ್ದು. ಸರ್ಕಾರದ ಗಣಿ ಸುರಕ್ಷತಾ ಇಲಾಖೆ, ಯಂತ್ರ ಮತ್ತು ಸ್ಫೋಟಕ ತಯಾರಕರು, ಬೋಧನೆ, ಸಂಶೋಧನೆ ಇವೂ ಇವೆ.

ಬೆಲೆ ಕುಸಿದಾಗ

ಲೋಹದ ಬೆಲೆ ಏರಿದಾಗ ಕಂಪನಿಗಳು ವಿದ್ಯಾರ್ಥಿಗಳನ್ನು ಕಾಲೇಜಿನಿಂದಲೇ ಎತ್ತಿಕೊಳ್ಳುತ್ತವೆ. ಕುಸಿದಾಗ ಹೊಸಬರ ನೇಮಕ ಮೊದಲು ನಿಲ್ಲುತ್ತದೆ. ನೀವು ಸೇರುವಾಗ ಏರಿದ್ದ ಬೆಲೆ ಪದವಿ ಮುಗಿಸುವಾಗ ಇಳಿದಿರಬಹುದು, ಹಾಗಾಗಿ ಇಂದಿನ ಬೆಲೆ ನೋಡಿ ಕೋರ್ಸ್ ಆರಿಸಬೇಡಿ. ಬೆಲೆ ಕುಸಿದ ವರ್ಷದಲ್ಲಿ ಹೊರಬಂದರೆ ಸುರಂಗ ಕಟ್ಟುವ ಗುತ್ತಿಗೆದಾರರು, ಕಲ್ಲುಕ್ವಾರಿಗಳು, ಸಿಮೆಂಟ್ ಕಂಪನಿಗಳ ಸುಣ್ಣಕಲ್ಲಿನ ಗಣಿಗಳ ಕಡೆ ನೋಡಿ. ಇಲ್ಲಿನ ಬೇಡಿಕೆ ಲೋಹದ ಮಾರುಕಟ್ಟೆಯನ್ನು ಅಷ್ಟಾಗಿ ಅವಲಂಬಿಸಿಲ್ಲ. ಸ್ನಾತಕೋತ್ತರ ಓದಲು ಒಳ್ಳೆಯ ಸಮಯವೂ ಅದೇ. ಆ ಅವಧಿಯಲ್ಲಿ ಬ್ಲಾಸ್ಟಿಂಗ್ ಪರವಾನಗಿ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರಗಳ ಅವಧಿ ಮುಗಿಯದಂತೆ ನವೀಕರಿಸುತ್ತಿರಿ. ಬೆಲೆ ಮತ್ತೆ ಏರತೊಡಗಿದಾಗ ಕಂಪನಿಗಳು ಮೊದಲು ಕರೆಯುವುದು ಕಾಗದಪತ್ರ ಚಾಲ್ತಿಯಲ್ಲಿದ್ದು, ಮರುದಿನವೇ ಪಾಳಿಗೆ ಇಳಿಯಬಲ್ಲವರನ್ನು.